ನಿಪ್ಪಾಣಿಯಲ್ಲಿ ಇಳಿದುಬಿಟ್ಟೆ

ಗಡಹಿಂಗ್ಲಜ
12 ಜನವರಿ 2025

ಯಮುನಾ,

ನಿನಗೆ ಪತ್ರ ಬರೆದು, ಫೋನು ಮಾಡಿ ಎರಡೂವರೆ ವರ್ಷವಾಯಿತು. ಮೊದಲ ಸಾಲಿಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ನೇರ ವಿಷಯಕ್ಕೇ ಬರುತ್ತೇನೆ.

ಮೊನ್ನೆ ನಿನ್ನ ಸೊಸೆ ರುತುಜಾ ಫೋನು ಮಾಡಿದ್ದಳು. ಮನೆಯಿಂದಲ್ಲ, ಕಬನೂರಿನ ಹಿಟ್ಟಿನ ಗಿರಣಿಯ ಮುಂದೆ ನಿಂತು. "ದೊಡ್ಡ ಅತ್ತಿ, ಅತ್ಯಾರು ನನಗ ಏನೂ ಹೇಳಂಗಿಲ್ರಿ. ಮುಂಜಾನೆ ಸಂಡಾಸದಾಗ ಅರ್ಧಾ ತಾಸ ಇರ್ತಾರ. ಹೊರಗ ಬಂದಾಗ ಮುಖ ಸುಣ್ಣ ಆಗಿರ್ತದ. ನಿನ್ನೆ ನೆಲದ ಮ್ಯಾಲ ರಕ್ತ ನೋಡೀನ್ರಿ. ಕೇಳಿದ್ರ, ನಿನ್ನ ಕೆಲಸಾ ನೀ ನೋಡ ಅಂದ್ರು" ಎಂದು ಅತ್ತಳು. ನೀನು ಊಟಕ್ಕೆ ಕೂರುವುದನ್ನೇ ಬಿಟ್ಟು ನಿಂತೇ ಉಣ್ಣುತ್ತೀಯಂತೆ. ನಿನ್ನ ಸೀರೆಗಳನ್ನು ಬೇರೆಯವರು ಏಳುವ ಮುಂಚೆಯೇ ಒಗೆದು ಹಾಕುತ್ತೀಯಂತೆ.

ನಿನ್ನ ಮೇಲಿನ ನನ್ನ ಸಿಟ್ಟು ಹಾಗೇ ಇದೆ. ನನ್ನ ಗಂಡ ಸತ್ತಾಗ ಮಣ್ಣಿಗೆ ಬಾರದ ತಂಗಿ ನೀನು. ಅದು ಬೇರೆ ಮಾತು. ಇದು ಬೇರೆ.

ನಿಮ್ಮ ಮನೆಯಲ್ಲಿ ಒಂದೇ ಫೋನು, ಅದೂ ಎಲ್ಲರ ಕೈಯಲ್ಲಿ. ಅದಕ್ಕೆ ಬರೆಯುತ್ತಿದ್ದೇನೆ. ಅಜ್ಜಿಯ ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ ಕಲಿತವರು ನಾವಿಬ್ಬರೇ. ನಿನ್ನ ಮಗ ಅಭಯನಿಗೂ ರುತುಜಾಳಿಗೂ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಏನಿದ್ದರೂ ಬರೆ.

ಗುರುಸಿದ್ದವ್ವ


ಕಬನೂರ
27 ಜನವರಿ 2025

ಅಕ್ಕನಿಗೆ ಶರಣು.

ನಿನ್ನ ಅಕ್ಷರ ನೋಡಿ ಪಾಕೀಟು ಒಡೆಯುವುದಕ್ಕೇ ಎರಡು ದಿನ ತಗೊಂಡೆ. ಬೈದಿದ್ದೀಯ ಅಂದುಕೊಂಡಿದ್ದೆ. ಬೈದಿದ್ದರೂ ಸರಿಯೇ ಇತ್ತು.

ರುತುಜಾ ಸಣ್ಣ ಹುಡುಗಿ, ಹೆದರಿದ್ದಾಳೆ. ನನಗೆ ಅಂಥದ್ದೇನೂ ಆಗಿಲ್ಲ. ಬರೀ ಉಷ್ಣ. ದಿನಕ್ಕೆ ಒಂಬತ್ತು ತಾಸು ಕಾಂಡಿ ಯಂತ್ರದ ಮುಂದೆ ಕುಳಿತು ಮಗ್ಗಕ್ಕೆ ನೂಲು ಸುತ್ತಿ ಕೊಡುವವಳಿಗೆ ಇಷ್ಟಾದರೂ ಬರದೇ ಇರುತ್ತದೆಯೇ? ಜೀರಿಗೆ ನೀರು ಕುಡಿಯುತ್ತೇನೆ. ಮಜ್ಜಿಗೆ ಕುಡಿಯುತ್ತೇನೆ. ಗುರುವಾರದ ಸಂತೆಯಲ್ಲಿ ಒಬ್ಬ ಪುಡಿ ಕೊಡುತ್ತಾನೆ, ಅದನ್ನೂ ತಿಂದೆ. ಸ್ವಲ್ಪ ದಿನ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. <s>ಆರು ವರ್ಷದಿಂದ</s> ಹೀಗೇ ನಡೆದಿದೆ.

ದವಾಖಾನೆ ಎನ್ನಬೇಡ. ಆ ಜಾಗವನ್ನು ಡಾಕ್ಟರಿಗೆ ಹೇಗೆ ತೋರಿಸಲಿ? ನಮ್ಮವರಿಗೇ ನಾನು ಹೇಳಿಲ್ಲ. ಬೆನ್ನುನೋವು ಎಂದಿದ್ದೇನೆ.

ಮಗ ನಿಲೇಶ ಹೇಗಿದ್ದಾನೆ? ನೀನು ಹೇಗಿದ್ದೀಯ? ತೀರಿಹೋದ ಬಾಬಾಸಾಹೇಬ ಮಾವನ ಬಗ್ಗೆ ಏನಾದರೂ ಬರೆಯಬೇಕೆಂದು ಕೂತೆ. ಆಗಲಿಲ್ಲ.

ನಿನ್ನ ತಂಗಿ
ಯಮುನಾ


ಗಡಹಿಂಗ್ಲಜ
3 ಫೆಬ್ರವರಿ 2025

ಯಮುನಾ,

ಪತ್ರದಲ್ಲಿ ಒಂದು ಮಾತು ಬರೆದು ಗೀಚಿ ಹಾಕಿದ್ದೀಯ. ಬಿಸಿಲಿಗೆ ಹಿಡಿದು ಓದಿದೆ. ಆರು ವರ್ಷ!

ರುತುಜಾಳ ಹತ್ತಿರ ಎಲ್ಲ ಮಾತಾಡಿದ್ದೇನೆ. ಕೊಲ್ಹಾಪುರದಲ್ಲಿ ಇದನ್ನೇ ನೋಡುವ ಹೆಣ್ಣು ಡಾಕ್ಟರು ಇದ್ದಾರೆ, ದೀಪಾಲಿ ಎಂದು ಹೆಸರು. ಸೋಮವಾರ ಹತ್ತನೇ ತಾರೀಖು ಹನ್ನೊಂದಕ್ಕೆ ನಿನ್ನ ಹೆಸರು ಬರೆಸಿದ್ದಾಳೆ. ನಾನು ಗಡಹಿಂಗ್ಲಜದಿಂದ ನೇರ ಅಲ್ಲಿಗೆ ಬರುತ್ತೇನೆ. ನೀನು ಬರದಿದ್ದರೆ ಅಲ್ಲಿಂದ ಕಬನೂರಿಗೆ ಬಂದು, ನಿಮ್ಮ ಕಾರಖಾನೆಯಲ್ಲಿ ಎಲ್ಲರ ಮುಂದೆ ಯಾಕೆ ಬಂದೆ ಎಂಬುದನ್ನು ಹೇಳುತ್ತೇನೆ. ನಾನು ಹೇಳುವವಳು ಎಂಬುದು ನಿನಗೆ ಗೊತ್ತಿದೆ.

ಗುರುಸಿದ್ದವ್ವ


ಕಬನೂರ
9 ಮಾರ್ಚ್ 2025

ಅಕ್ಕನಿಗೆ ಶರಣು.

ನೀನು ಊರಿಗೆ ಹೋಗಿ ಹತ್ತು ದಿನವಾಯಿತು. ಬಲಗಡೆ ಮಗ್ಗುಲಾಗಿ ಮಲಗಿ, ಅಭಯನ ಹಳೆಯ ರಟ್ಟಿನ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ತಪಾಸಣೆಯ ಕಾಗದ ನಿನ್ನೆ ಬಂತು. ರುತುಜಾ ಮೆಟ್ಟಿಲ ಮೇಲಿಂದಲೇ ಓದಿದಳು. ಕೆಟ್ಟದ್ದೇನೂ ಇಲ್ಲ. ಮೂಲವ್ಯಾಧಿ ಮತ್ತು ಸೀಳು, ಅಷ್ಟೇ. ದುರ್ಬೀನು ಹಾಕಿ ನೋಡಿದ ದಿನವೇ ಡಾಕ್ಟರು ಒಳಗೆಲ್ಲ ಸ್ವಚ್ಛ ಇದೆ ಎಂದಿದ್ದರು. ಆದರೂ ತುಣುಕನ್ನು ತಪಾಸಣೆಗೆ ಕಳಿಸಿದಾಗಿನಿಂದ ನನಗೆ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಈಗ ಹೇಳುತ್ತೇನೆ ಅಕ್ಕಾ, ಆರು ವರ್ಷ ನಾನು ದವಾಖಾನೆಗೆ ಹೋಗದಿದ್ದುದು ಬರೀ ನಾಚಿಕೆಗಲ್ಲ. ಅದು ಕ್ಯಾನ್ಸರೇ ಎಂದು ನಾನೇ ನಿಶ್ಚಯ ಮಾಡಿಕೊಂಡಿದ್ದೆ. ಅಭಯನ ಮದುವೆಯೊಂದು ಆಗಲಿ, ಆಮೇಲೆ ಏನಾದರೂ ಆಗಲಿ ಎಂದು ದಿನ ತಳ್ಳಿದೆ. ಮದುವೆಯಾಯಿತು. ಆಮೇಲೂ ತಳ್ಳಿದೆ.

ಮೊದಲ ದಿನ ನಾನು ಆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ದೀಪಾಲಿ ಡಾಕ್ಟರು, "ಮಾವಶಿ, ಲಾಜೂ ನಕಾ" ಎಂದು ನನ್ನ ಭುಜ ತಟ್ಟಿದರಲ್ಲ, ಆಮೇಲೆ ಕನ್ನಡದಲ್ಲೇ ಕೇಳಿದರು. "ನಾಚಬ್ಯಾಡ್ರಿ, ಇವತ್ತ ನಿಮ್ಮಂಥವ್ರ ಹನ್ನೊಂದ ಮಂದಿ ಬಂದಾರ. ನೀರ ಎಷ್ಟ ಕುಡೀತೀರಿ?"

"ಮುಂಜಾನೆ ಒಂದ ಲೋಟಾ, ಸಂಜಿಮುಂದ ಒಂದ ಲೋಟಾ ರಿ."

"ಮತ್ತ ನಡುವ?"

"ನಡುವ ಕುಡಿಯಂಗಿಲ್ರಿ. ಕುಡಿದ್ರ ಹೋಗಬೇಕಾಗ್ತದ. ಹೋಗಾಕ ಜಾಗಾ ಇಲ್ರಿ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನೀನೂ ನೋಡಿದೆ. ನಮ್ಮ ಕಾರಖಾನೆಯಲ್ಲಿ ಹೆಂಗಸರಿಗೆ ಸಂಡಾಸ ಇಲ್ಲ ಎಂಬುದು ನನಗೆ ಒಂದು ಹೇಳುವಂಥ ಮಾತು ಎಂದು ಅನ್ನಿಸಿಯೇ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಇಲ್ಲ. ನಾವು ನಾಲ್ಕೈದು ಹೆಂಗಸರು ಮನೆಗೆ ಬಂದೇ ಹೋಗುತ್ತೇವೆ.

ರಕ್ತ ಏಳಕ್ಕೆ ಇಳಿದಿದೆ, ಮೊದಲು ರಕ್ತ ಏರಿಸಬೇಕು ಎಂದಾಗ ನಿಲೇಶ ಕೆಲಸ ಬಿಟ್ಟು ಗಡಹಿಂಗ್ಲಜದಿಂದ ಓಡಿ ಬಂದು ರಕ್ತ ಕೊಟ್ಟ. ಅವನ ಅಪ್ಪನ ಮಣ್ಣಿಗೆ ಬಾರದ ಚಿಕ್ಕವ್ವನಿಗೆ. "ಚಿಕ್ಕವ್ವಾ, ಇನ್ನ ನಿನಗ ನನ್ನಂಗ ಸಿಟ್ಟ ಬರ್ತದ ನೋಡ" ಎಂದು ನಗಿಸಿದ. ನಾನು ನಕ್ಕೆ. ಅವನು ಹೋದ ಮೇಲೆ ಅತ್ತೆ.

ಆಪರೇಷನ್ನಿನ ದಿನ ಬೆನ್ನಿಗೆ ಸೂಜಿ ಕೊಟ್ಟ ಮೇಲೆ ಕಾಲುಗಳು ನನ್ನವಲ್ಲ ಎನ್ನಿಸಿತು. ಅದರ ನೋವು ಇಲ್ಲ. ನೋವು ಇದ್ದದ್ದು ಮೂರನೇ ದಿನ. ಮೊದಲ ಸಲ ಸಂಡಾಸಕ್ಕೆ ಹೋಗಬೇಕು ಎಂದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗಾಜು ಬಂದಂತೆ ಬರುತ್ತದೆ ಎಂದು ಆರು ವರ್ಷದಿಂದ ಗೊತ್ತಲ್ಲ. "ನಾ ಒಲ್ಲೆ ಅಕ್ಕಾ, ನಾಳೆ ಹೋಗ್ತೇನಿ" ಎಂದೆ. ನೀನು ನನ್ನನ್ನು ಒಳಗೆ ತಳ್ಳಿ, ಬಾಗಿಲಿನ ಹೊರಗೆ ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ.

"ನಾ ಇಲ್ಲೇ ಅದೇನಿ. ಉಸರ ಬಿಡ. ತಿಣಕಬ್ಯಾಡ."

ಆಮೇಲೆ ನೀನು ಏನೇನೋ ಮಾತಾಡಿದೆ. ನಿಮ್ಮ ಎಮ್ಮೆ ಈದದ್ದು, ಪಕ್ಕದ ಮನೆಯವಳು ಬೆಲ್ಲದ ಪಾಕ ಸೀಯಿಸಿದ್ದು, ನಿಲೇಶನಿಗೆ ನೋಡಿದ ಹುಡುಗಿಯ ತಂದೆ ಮಾತಿಗೊಮ್ಮೆ ಕೆಮ್ಮುವುದು. ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ಅದನ್ನೆಲ್ಲ ಕೇಳಿದೆ. ಅರ್ಧ ತಾಸು ನೀನು ಬಾಯಿ ಮುಚ್ಚಲಿಲ್ಲ. ನೀನು ಇರುವವರೆಗೂ ದಿನಾ ಹಾಗೇ. ಬಿಸಿನೀರಿನ ಟಬ್ಬಿನಲ್ಲಿ ನಾನು ಕುಳಿತಾಗ ನೀರು ಆರಿತೇ ಎಂದು ನೀನು ಕೈ ಅದ್ದಿ ನೋಡುತ್ತಿದ್ದೆ. ಅರಿವೆ ಬದಲಿಸಿದೆ. ಅವ್ವ ಇದ್ದಿದ್ದರೆ ಅವಳೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ.

ನೀನು ಹೋಗುವಾಗ ಹೇಳಬೇಕೆಂದಿದ್ದೆ. ಬಸ್ಸು ಬಂತು.

ಯಮುನಾ


ಗಡಹಿಂಗ್ಲಜ
20 ಮಾರ್ಚ್ 2025

ಯಮುನಾಳಿಗೆ ಆಶೀರ್ವಾದ.

ತಪಾಸಣೆಯ ಸುದ್ದಿಯನ್ನು ರುತುಜಾ ಅದೇ ದಿನ ಫೋನಿನಲ್ಲಿ ಹೇಳಿದ್ದಳು. ಆದರೂ ನಿನ್ನ ಕೈಬರಹದಲ್ಲಿ ಓದಿ ಇನ್ನೊಮ್ಮೆ ಸಮಾಧಾನವಾಯಿತು. ದೇವರ ಮುಂದೆ ದೀಪ ಹಚ್ಚಿದೆ. ಡಾಕ್ಟರ ಹೆಸರಿನಲ್ಲೂ ಒಂದು ಹಚ್ಚಿದೆ.

ಈಗ ಬುದ್ಧಿಮಾತು. ಇಸಬ್‌ಗೋಲು ಬಿಡಬೇಡ. ಖಾರದ ಚಟ್ನಿಯನ್ನು ಕದ್ದು ತಿನ್ನುತ್ತೀಯಂತೆ, ರುತುಜಾ ಹೇಳಿದಳು. ಕೊಡ ಎತ್ತಬೇಡ. ನಿಮ್ಮವರಿಗೆ ನೀರು ತುಂಬಲು ಕೈ ಬರುವುದಿಲ್ಲವೇ? ನಾನು ಅಲ್ಲಿದ್ದಾಗ ಮೊದಲ ದಿನ ಬಾಗಿಲ ಹೊರಗೆ ನಿಂತು ಟೋಪಿ ತಿರುವುತ್ತಿದ್ದವರು, ಕೊನೆಗೆ ತಾವೇ ಟಬ್ಬಿಗೆ ಬಿಸಿನೀರು ತಂದು ಹಾಕುತ್ತಿದ್ದರು. ಒಳ್ಳೆಯ ಮನುಷ್ಯ. ನೀನು ಬೆನ್ನುನೋವು ಎಂದು ಸುಳ್ಳು ಹೇಳಿದ್ದಕ್ಕೆ ಪಾಪ, ಆರು ವರ್ಷ ಬೆನ್ನಿಗೆ ಎಣ್ಣೆ ತಿಕ್ಕಿದ್ದಾರೆ.

ನನ್ನನ್ನು ಹೊಗಳಿ ಬರೆಯಬೇಡ. ಎಂಟು ದಿನ ನಿನ್ನ ಮಂಚದ ಪಕ್ಕದಲ್ಲಿದ್ದೆ. ಒಂದು ಮಾತು ಕೇಳಬೇಕೆಂದು ಎಂಟು ದಿನವೂ ಬಾಯಿಗೆ ಬಂತು. ಬೇನೆಯಲ್ಲಿದ್ದವಳನ್ನು ಕೇಳಬಾರದೆಂದು ನುಂಗಿದೆ. ಯಾವ ಮಾತು ಎಂದು ನಿನಗೆ ಗೊತ್ತು. ಈಗ ನೀನು ಎದ್ದು ಓಡಾಡುತ್ತಿದ್ದೀಯ.

ಅಕ್ಕ


ಕಬನೂರ
6 ಏಪ್ರಿಲ್ 2025

ಅಕ್ಕಾ,

ಗೊತ್ತು. ಬರೆಯುತ್ತೇನೆ.

ಮಾವ ಹೋದ ಸುದ್ದಿ ಬಂದಾಗ ಬೆಳಗಿನ ಆರು ಗಂಟೆ. ಅಭಯ ಮತ್ತು ಅವನ ಅಪ್ಪ ಮೋಟರ್‌ಸೈಕಲ್ ಮೇಲೆ ತಕ್ಷಣ ಹೊರಟರು. ನಾನು ಹಿಂದೆ ಬಸ್ಸಿಗೆ ಬರುತ್ತೇನೆ ಎಂದೆ. ಮಾಲೀಕ ಬಾಳಾಸಾಹೇಬರ ಮನೆಗೆ ಹೋಗಿ ಹೇಳಿದೆ. "ಯಮುನಾಬಾಯಿ, ನೀವ ಮೊದಲ ಹೋಗ್ರಿ. ಹನ್ನೊಂದ ದಿನ ಆಗೂತನಾ ಬರಬ್ಯಾಡ್ರಿ" ಎಂದರು ಅವರು. ಅಕ್ಕಾ, ಮಾಲೀಕರು ಬಿಡಲಿಲ್ಲ ಎಂಬುದು ಸುಳ್ಳು. ಆ ಸುಳ್ಳಿಗೆ ನೀನು ಆ ಮನುಷ್ಯನಿಗೆ ಎಷ್ಟು ಶಾಪ ಹಾಕಿದೆಯೆಂದು ಅಭಯ ಹೇಳಿದ್ದಾನೆ. ಅವರದೇನೂ ತಪ್ಪಿಲ್ಲ.

ನಾನು ಬಸ್ಸು ಹತ್ತಿದೆ. ಆ ವಾರ ಬೇನೆ ಬಹಳ ಇತ್ತು. ಬಸ್ಸು ಪೂರ್ತಿ ತುಂಬಿತ್ತು, ಯಾರೋ ಹುಡುಗ ಎದ್ದು ಜಾಗ ಕೊಟ್ಟ, ಬೇಡ ಎನ್ನಲಾಗದೆ ಕುಳಿತೆ. ಕಾಗಲ ದಾಟುವುದರೊಳಗೆ ಸೀರೆ ಒದ್ದೆಯಾದದ್ದು ಗೊತ್ತಾಯಿತು. ಎದ್ದು ನಿಂತರೆ ಹಿಂದಿನವರಿಗೆ ಕಾಣುತ್ತದೆ. ಕುಳಿತರೆ ಜೀವ ಹೋಗುತ್ತದೆ. ನಿಪ್ಪಾಣಿ ಬಂತು. ನಿಪ್ಪಾಣಿಯಲ್ಲಿ ಇಳಿದುಬಿಟ್ಟೆ.

ಸ್ಟ್ಯಾಂಡಿನ ಸಂಡಾಸದಲ್ಲಿ ನಲ್ಲಿಯ ಕೆಳಗೆ ಸೀರೆ ತೊಳೆದೆ. ಮತ್ತೆ ಬಂತು. ಮತ್ತೆ ತೊಳೆದೆ. ಅಲ್ಲಿ ಕಸ ಗುಡಿಸುವ ಒಬ್ಬ ಮುದುಕಿ ನನ್ನನ್ನು ನೋಡಿ, ಏನೂ ಕೇಳದೆ ತನ್ನ ಹಳೆಯ ಟವೆಲ್ಲು ತಂದು ಕೊಟ್ಟಳು. ಅವಳ ಹೆಸರು ಕೇಳಲಿಲ್ಲ. ಎರಡು ತಾಸು ಅಲ್ಲೇ ಗೋಡೆಗೆ ಆತು ನಿಂತಿದ್ದೆ. ಗಡಹಿಂಗ್ಲಜದ ಬಸ್ಸುಗಳು ಎರಡು ಹೋದವು. ಒದ್ದೆ ಸೀರೆಯಲ್ಲಿ, ರಕ್ತದ ಮೈಯಲ್ಲಿ ಮಾವನ ಮಣ್ಣಿಗೆ ಹೇಗೆ ಬರಲಿ? ನೂರು ಮಂದಿಯ ನಡುವೆ ನೀನು ನನ್ನನ್ನು ಅಪ್ಪಿಕೊಂಡು ಕೆಳಗೆ ಕೂರಿಸಿದರೆ? ಆ ಮುದುಕಿಯ ಫೋನಿನಿಂದ ಅಭಯನಿಗೆ ಮಾಡಿ, "ಮಾಲಕರು ಬಿಡವಲ್ರು, ದೊಡ್ಡವ್ವಗ ಹೇಳ" ಎಂದೆ. ಬಾಯಿಗೆ ಬಂದದ್ದು ಅದೇ. ಆಮೇಲೂ ಒಂದು ತಾಸು ಅಲ್ಲೇ ನಿಂತಿದ್ದು, ತಿರುಗಿ ಇಚಲಕರಂಜಿಯ ಬಸ್ಸು ಹಿಡಿದು ನಿಂತುಕೊಂಡೇ ಮನೆಗೆ ಬಂದೆ.

ಹನ್ನೊಂದನೇ ದಿನಕ್ಕೆ ಬರಬಹುದಿತ್ತು. ಆಗ ಮೈ ನೆಟ್ಟಗಿತ್ತು. ಆದರೆ ಅಷ್ಟರಲ್ಲಿ ಸುಳ್ಳು ಹೇಳಿಯಾಗಿತ್ತು, ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಆಮೇಲೆ ದಿನಗಳು ಹೆಚ್ಚಾದವು.

ಇಷ್ಟೇ ಅಕ್ಕಾ. ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ.

ಯಮುನಾ


ಗಡಹಿಂಗ್ಲಜ
4 ಮೇ 2025

ಯಮುನಾ,

ನಿನ್ನ ಪತ್ರ ಬಂದು ಮೂರು ವಾರ ಮೇಲಾಯಿತು. ಬರೆಯಲು ಕೂತೆ, ಹಾಳೆ ಹರಿದೆ. ನಿಲೇಶ, "ಅವ್ವಾ, ಚಿಕ್ಕವ್ವ ಏನ ಬರದಾಳ? ಊಟಾ ಯಾಕ ಬಿಟ್ಟಿ?" ಎಂದ. ಅವನಿಗೆ ಹೇಳಿದೆ. ಹೇಳಬಾರದಿತ್ತು ಎನ್ನಬೇಡ. ಅವನು ಎದ್ದು ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬಂದು, "ನಾ ಹೋಗಿ ಕರಕೊಂಡ ಬರ್ತಿದ್ದೆ" ಎಂದ.

ಆ ದಿನ ನಾನು ಏನು ಮಾಡಿದೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅಭಯ ನೀನು ಬರುವುದಿಲ್ಲ ಎಂದ ಮೇಲೂ ನಾನು ನಂಬಲಿಲ್ಲ. ಸ್ವಾಮಿಗಳು ಹೊತ್ತಾಯಿತು ಎಂದರು. ಇನ್ನೊಂದು ಬಸ್ಸು ನೋಡೋಣ ಎಂದು ಅವರನ್ನು ಒಂದು ತಾಸು ತಡೆದೆ. ಬಸ್ಸಿನಿಂದ ಯಾರೋ ಇಳಿದರು. ನೀನಲ್ಲ. ಆ ಒಂದು ತಾಸನ್ನು ನಾನು ಎರಡೂವರೆ ವರ್ಷ ಎದೆಯಲ್ಲಿಟ್ಟುಕೊಂಡು ನಿನ್ನನ್ನು ಬೈದೆ. ಆ ತಾಸಿನಲ್ಲಿ ನೀನು ನಿಪ್ಪಾಣಿಯಲ್ಲಿ ಗೋಡೆಗೆ ಆತು ನಿಂತಿದ್ದೆ.

ನನಗೆ ಸಿಟ್ಟು ಇನ್ನೂ ಇದೆ, ಆದರೆ ಅದು ನಿನ್ನ ಮೇಲಲ್ಲ. ತಂಗಿ ತನ್ನ ಮೈಯ ಬೇನೆಯನ್ನು ಅಕ್ಕನಿಗೆ ಹೇಳಲಾರದಂತೆ ನಾನು ಎಂಥ ಅಕ್ಕನಾಗಿದ್ದೆ? ಮಂದಿಯ ಮುಂದೆ ಮಾತಾಡುವವಳು, ಗದರಿಸುವವಳು. ನನ್ನ ಬಾಯಿಗೆ ನೀನು ಹೆದರಿದ್ದೀಯ. ಅದೂ ನನಗೆ ಗೊತ್ತಾಯಿತು.

ಬಾಳಾಸಾಹೇಬರಿಗೆ ನಾನು ಹಾಕಿದ ಶಾಪಗಳನ್ನೆಲ್ಲ ವಾಪಸು ತಗೊಂಡಿದ್ದೇನೆ. ಬಹಳ ಇದ್ದವು.

ಬಾ. ಯಾವಾಗ ಮೈ ಒಪ್ಪುತ್ತದೋ ಆಗ ಬಾ.

ನಿನ್ನ ಅಕ್ಕ


ಕಬನೂರ
22 ಜೂನ್ 2025

ಅಕ್ಕನಿಗೆ ಶರಣು.

ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದು ಹೊಸ ಹೆಣ್ಣಿನಂತಾಗಿದ್ದೇನೆ. ಮಾವನ ಗದ್ದುಗೆಯ ಮುಂದೆ ನಾನು ಮಾತಾಡುತ್ತಾ ಕುಳಿತಿದ್ದಾಗ ನೀನು ದೂರ ಹೋಗಿ ನಿಂತೆಯಲ್ಲ, ಅದಕ್ಕೆ ನಿನಗೆ ಶರಣು. ಏನು ಹೇಳಿದೆ ಎಂದು ಕೇಳಲೂ ಇಲ್ಲ. ಮಾವ ಬದುಕಿದ್ದಾಗ ನನ್ನನ್ನು ಚಾಷ್ಟಿ ಮಾಡುತ್ತಿದ್ದವರು, ಈಗ ಇದ್ದಿದ್ದರೆ ಎಲ್ಲ ಕೇಳಿದ ಮೇಲೆ, "ಇಷ್ಟಕ್ಕ ಇಷ್ಟ ವರ್ಷ ತಗೊಂಡೆನ?" ಎನ್ನುತ್ತಿದ್ದರು.

ಈಗ ಇಲ್ಲಿಯ ಸುದ್ದಿ. ಏಪ್ರಿಲ್ ಕೊನೆಗೇ ಕೆಲಸಕ್ಕೆ ಹೋಗತೊಡಗಿದೆ ಎಂದು ನಿನಗೆ ಗೊತ್ತು. ದೀಪಾಲಿ ಡಾಕ್ಟರು ದಿನಕ್ಕೆ ಹತ್ತು ಲೋಟ ನೀರು ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದಿದ್ದರು. ನಿಮ್ಮಲ್ಲಿಂದ ಬಂದ ಮರುದಿನ ಆ ಚೀಟಿ ಹಿಡಿದು ಬಾಳಾಸಾಹೇಬರ ಮುಂದೆ ನಿಂತೆ. ಮೊದಲು, ನಾನು ಅವರ ಹೆಸರಿನಲ್ಲಿ ಹೇಳಿದ ಸುಳ್ಳನ್ನು ಹೇಳಿ ಕೈ ಮುಗಿದೆ. ಅವರು ಗಾಬರಿಯಾದರು. ಆಮೇಲೆ ಹೇಳಿದೆ.

"ಮಾಲಕ್ರ, ಹತ್ತ ಲೋಟಾ ಕುಡಿಬೇಕಂದ್ರ ಹೆಣ್ಮಕ್ಕಳಿಗೆ ಸಂಡಾಸ ಬೇಕ್ರಿ. ನಾ ಒಬ್ಬಾಕಿ ಅಲ್ಲ. ನಾವ ಐದೂ ಮಂದಿ ದಿನಾ ಒಣಾ ಬಾಯಿಲೆ ಕೆಲಸಾ ಮಾಡ್ತೇವಿ."

ಮಗ್ಗಗಳ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು. ನಾನು ಕೂಗುತ್ತಿದ್ದಾಗಲೇ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. 'ಸಂಡಾಸ' ಎಂಬುದು ಇಡೀ ಕಾರಖಾನೆಗೆ ಕೇಳಿಸಿತು! ಗಂಡಸರೆಲ್ಲ ತಿರುಗಿ ನೋಡಿದರು. ಮೊದಲಿನ ಯಮುನಾ ಆಗಿದ್ದರೆ ಆ ದಿನವೇ ಕೆಲಸ ಬಿಡುತ್ತಿದ್ದೆ. ಆದರೆ ನನ್ನ ಪಕ್ಕದ ಯಂತ್ರದ ರಂಗುಬಾಯಿ ಎದ್ದು ಬಂದು, "ಹೌದ್ರಿ ಮಾಲಕ್ರ, ಖರೇ ಅದ" ಎಂದು ನನ್ನ ಪಕ್ಕದಲ್ಲಿ ನಿಂತಳು. ಉಳಿದ ಮೂವರೂ ಬಂದರು.

ಬಾಳಾಸಾಹೇಬರು ತಲೆ ಕೆರೆದು, "ಹದಿನಾಲ್ಕ ವರ್ಷ ಯಾಕ ಹೇಳಲಿಲ್ಲ ಯಮುನಾಬಾಯಿ? ನಾನೂ ಯಾಕ ನೋಡಲಿಲ್ಲ?" ಎಂದರು. ಅದೇ ದಿನ ತಮ್ಮ ಮನೆಯ ಹಿಂದಿನ ಸಂಡಾಸದ ಕೀಲಿ ತೆಗೆಸಿಕೊಟ್ಟರು. ಹದಿನೈದು ದಿನದೊಳಗೆ ಕಾರಖಾನೆಯಲ್ಲೇ ಕಟ್ಟಿಸುವುದಾಗಿ ಹೇಳಿದ್ದಾರೆ. ನಿನ್ನೆ ಇಟ್ಟಂಗಿ ಬಂದು ಬಿದ್ದಿವೆ.

ಆ ಸಂಜೆ ರಂಗುಬಾಯಿ ನನ್ನ ಜೊತೆ ಮನೆಯವರೆಗೂ ನಡೆದು ಬಂದಳು. ಬಾಗಿಲಲ್ಲಿ ನಿಂತು, "ಯಮುನಕ್ಕಾ, ಆ ಡಾಕ್ಟರ ಬಾಯಿ ಸಿಟ್ಟಿನವ್ರೇನ?" ಎಂದು ಕೇಳಿದಳು. ಮುಂದಿನ ಸೋಮವಾರ ನಾನು ಅವಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.

ರುತುಜಾಳಿಗೆ ಹೊಸ ಸೀರೆ ತೆಗೆದುಕೊಟ್ಟೆ. "ಯಾಕ್ರಿ ಅತ್ಯಾರ? ಹಬ್ಬ ಎಲ್ಲೈತಿ?" ಎಂದಳು. ಹಿಟ್ಟಿನ ಗಿರಣಿಯ ಮುಂದೆ ನಿಂತು ಫೋನು ಮಾಡಿದ್ದಕ್ಕೆ ಎಂದೆ.

ಯಮುನಾ


ಗಡಹಿಂಗ್ಲಜ
5 ಜುಲೈ 2025

ಯಮುನಾಳಿಗೆ ಆಶೀರ್ವಾದ.

ನಿನ್ನ ಕಾರಖಾನೆಯ ಸುದ್ದಿಯನ್ನು ನಿಲೇಶನಿಗೆ ಎರಡು ಸಲ ಓದಿ ಹೇಳಿದೆ. ಕರೆಂಟು ಹೋದ ಭಾಗ ಬಂದಾಗ ಅವನು ನಗುತ್ತಾ ಗೋಡೆಗೆ ಒರಗಿದ.

ಇನ್ನೊಂದು ವಿಷಯ. ನೀನು ಇಲ್ಲಿದ್ದಾಗಲೇ ಹೇಳಬೇಕೆಂದುಕೊಂಡೆ. ನಾಲ್ಕು ದಿನವೂ ಆಗಲಿಲ್ಲ.

ನಿಲೇಶನ ಹೆರಿಗೆಯಾದಾಗಿನಿಂದ ನನ್ನ ಗರ್ಭಕೋಶ ಸಡಿಲ ಇದೆ. ಈಗ ಎರಡು ವರ್ಷದಿಂದ ಕೆಳಗೆ ಜಾರಿ ಹೊರಗೇ ಬರುತ್ತದೆ. ನಾನೇ ಒಳಗೆ ತಳ್ಳಿಕೊಂಡು ಸೀರೆ ಬಿಗಿಯಾಗಿ ಉಟ್ಟು ಓಡಾಡುತ್ತೇನೆ. ನಿನ್ನ ದವಾಖಾನೆಯಲ್ಲಿ ಎಂಟು ದಿನ ಓಡಾಡಿದಾಗಲೂ ಹಾಗೇ ಇತ್ತು. ಸಡಿಲ ಇರುವುದನ್ನು ನಮ್ಮವರಿಗೂ ಹೇಳಿರಲಿಲ್ಲ, ಈಗ ಅವರೂ ಇಲ್ಲ. ನಿನಗೆ ಅಷ್ಟು ಬುದ್ಧಿ ಹೇಳಿದವಳು ನಾನು. ನನ್ನದನ್ನು ಬರೆಯುವುದಕ್ಕೆ ಐದು ತಿಂಗಳು ಬೇಕಾಯಿತು. ನಿನಗೆ ಒಬ್ಬಳಿಗೇ ಹೇಳಿದ್ದೇನೆ.

ಅಕ್ಕ


ಕಬನೂರ
10 ಜುಲೈ 2025

ಅಕ್ಕಾ,

ಪತ್ರ ನಿನ್ನೆ ಮುಟ್ಟಿತು. ಮೊದಲು ಆಗಬೇಕಾದ ಕೆಲಸ ಮುಗಿಸಿ ಈಗ ಬರೆಯಲು ಕುಳಿತಿದ್ದೇನೆ.

ರಂಗುಬಾಯಿಯ ಜೊತೆ ಹೋದಾಗ ನೋಡಿದ್ದೆ, ಅದೇ ದವಾಖಾನೆಯ ಮೇಲಿನ ಮಾಳಿಗೆಯಲ್ಲಿ ಹೆಂಗಸರ ಡಾಕ್ಟರು ಕೂರುತ್ತಾರೆ. ಅವರೂ ಹೆಂಗಸೇ. ಶನಿವಾರ ಹತ್ತೊಂಬತ್ತನೇ ತಾರೀಖಿಗೆ ನಿನ್ನ ಹೆಸರು ಬರೆಸಿದ್ದೇನೆ. ನಾನು ಶುಕ್ರವಾರವೇ ಗಡಹಿಂಗ್ಲಜಕ್ಕೆ ಬರುತ್ತೇನೆ. ಶನಿವಾರ ಇಬ್ಬರೂ ಕೂಡಿ ಹೋಗೋಣ. ನಿಲೇಶನಿಗೆ ಏನು ಹೇಳಬೇಕು ಎಂಬುದು ನಿನಗೆ ಬಿಟ್ಟದ್ದು. ಎಷ್ಟು ದಿನ ಇರಬೇಕಾಗುತ್ತದೋ ಅಷ್ಟು ದಿನ ನಾನು ಇರುತ್ತೇನೆ. ಬಾಳಾಸಾಹೇಬರಿಗೆ ಈ ಸಲ ನಿಜವನ್ನೇ ಹೇಳಿ ರಜೆ ಕೇಳಿದ್ದೇನೆ, ಅಕ್ಕನಿಗೆ ಆರಾಮಿಲ್ಲ ಎಂದು.

ಡಾಕ್ಟರ ಮುಂದೆ ಕುಳಿತಾಗ ನಿನಗೆ ಬಾಯಿ ಬರುವುದಿಲ್ಲ. ಎಂಥ ಬಾಯಿಯವಳಿಗೂ ಬರುವುದಿಲ್ಲ, ನಾನು ನೋಡಿದ್ದೇನೆ. ನೀನು ಸುಮ್ಮನೆ ನನ್ನ ಕೈ ಹಿಡಿದು ಕೂರು. ನಾನು ಹೇಳುತ್ತೇನೆ. ನನಗೆ ಈಗ ರೂಢಿಯಾಗಿದೆ.

ನಿನ್ನ ತಂಗಿ
ಯಮುನಾ